"ಫ್ಯಾನ್ ಸುಟ್ಟೋಗಿದೆ" ಅಂದರೆ ಹಳೇ ಫ್ಯಾನ್ ಕೈಗೆ ಕೊಡಿ ಅನ್ನಿ

ಕುಶಾಲನಗರದ ಕಡೆ ಲ್ಯಾಪ್‌ಟಾಪ್ ರಿಪೇರಿಗೆ ಕೊಡುವವರು, ಅದರಲ್ಲೂ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡಿರುವವರು, ದಯವಿಟ್ಟು ಓದಿ. ಅಂಗಡಿ ಹೆಸರು ಹಾಕುವುದಿಲ್ಲ. ಬರೆಯೋಕೇ ನಾಚಿಕೆ ಆಗ್ತಿದೆ. ಸುಂಟಿಕೊಪ್ಪದಲ್ಲಿ ನಮ್ಮ ಬೀದಿಯವರ ಕಂಪ್ಯೂಟರ್ ಕೆಟ್ಟರೆ ನನ್ನನ್ನೇ ಕೇಳುತ್ತಾರೆ. ನನಗೇ ಟೋಪಿ ಬಿತ್ತು!

ನನ್ನದು ಹಳೇ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್, ಹಾಕಿರುವುದು ಲಿನಕ್ಸ್ ಮಿಂಟ್. ಫ್ಯಾನ್ ಸದ್ದು ಜಾಸ್ತಿ ಆಗಿತ್ತು. ಕಮಾಂಡ್ ಹೊಡೆಯುವ ಟರ್ಮಿನಲ್‌ನಲ್ಲಿ ಸೆನ್ಸರ್ಸ್ ಅಂತ ಹೊಡೆದರೆ ಬಿಸಿ, ಫ್ಯಾನ್ ವೇಗ ಎರಡೂ ಕಾಣುತ್ತದೆ. ಫ್ಯಾನ್ 4,300 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು), ಮುಖ್ಯ ಚಿಪ್ ಸಿಪಿಯು 94 ಡಿಗ್ರಿ. ಸುಮ್ನೆ ಇಟ್ಟಾಗಲೂ! ಫ್ಯಾನ್ ಅಷ್ಟು ಜೋರಾಗಿ ತಿರುಗಿಯೂ ಬಿಸಿ ಇಳಿಯುತ್ತಿಲ್ಲ ಅಂದರೆ ಒಂದೋ ಧೂಳು ಕಟ್ಟಿದೆ, ಇಲ್ಲಾ ಚಿಪ್‌ನ ಬಿಸಿ ದಾಟಿಸೋಕೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆ. ಪೇಸ್ಟ್ ಮನೆಯಲ್ಲಿ ಇರಲಿಲ್ಲ. "ಕ್ಲೀನ್ ಮಾಡಿ, ಪೇಸ್ಟ್ ಹಾಕಿ, ಅಷ್ಟೇ" ಅಂತ ಹೇಳಿ ಕೊಟ್ಟು ಬಂದೆ.

ಸಂಜೆ ಫೋನ್ ಬಂತು. "ಮೇಡಂ, ಫ್ಯಾನ್ ಸುಟ್ಟೋಗಿದೆ. ಲಿನಕ್ಸ್ ಹಾಕಿದ್ದಕ್ಕೇ ಹೀಗಾಗಿದ್ದು."

ಅಲ್ಲಪ್ಪ, ಬೆಳಗ್ಗೆ 4,300 ತೋರಿಸ್ತಿತ್ತಲ್ಲ ಅಂದೆ.

"ಲಿನಕ್ಸ್ ತೋರಿಸೋದೆಲ್ಲ ಸುಳ್ಳು ಲೆಕ್ಕ ಮೇಡಂ. ಜೊತೆಗೆ ವಾತಾವರಣದ ಬಿಸಿ ಬೇರೆ."

ಜುಲೈ ತಿಂಗಳು! ಒಗೆದ ಬಟ್ಟೆ ವಾರವಾದರೂ ಒಣಗದ ಮಳೆಯಲ್ಲಿ ಕೊಡಗಿನಲ್ಲಿ ಅದ್ಯಾವ ಬಿಸಿ? ಆದರೂ ತೋಟದ ಲೆಕ್ಕ ಬಾಕಿ ಇತ್ತು. ಹೂಂ ಅಂದೆ. ಹೊಸ ಫ್ಯಾನಿಗೆ 2,800 ರೂಪಾಯಿ, ಕೂಲಿ ಬೇರೆ.

ಮನೆಗೆ ತಂದು ಆನ್ ಮಾಡಿದರೆ ಅದೇ ಸದ್ದು, ಅದೇ ತೊಂಬತ್ತರ ಮೇಲೆ. ಹಿಂದಿನ ಮುಚ್ಚಳ ಬಿಚ್ಚಿದೆ. ಫ್ಯಾನಿನ ಬಾಯಲ್ಲಿ ಧೂಳಿನ ಗಂಟು. ಆ ಗಂಟಿನಲ್ಲಿ ನಮ್ಮ ನಾಯಿಯ ಕೂದಲು! ಹೊಸ ಫ್ಯಾನಿನಲ್ಲಿ ನಮ್ಮ ನಾಯಿಯ ಕೂದಲು! ಮೇಲಿನ ಸ್ಟಿಕ್ಕರ್‌ನಲ್ಲಿ 2017 ಅಂತ ಇತ್ತು. ಸ್ವಲ್ಪ ಹೊತ್ತು ಸ್ಕ್ರೂಡ್ರೈವರ್ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ.

ಫೋನ್ ಮಾಡಿದರೆ, "ಹೊಸದೇ ಮೇಡಂ, ಹಳೇ ಸ್ಟಾಕು." ಮತ್ತೆ ಕೂದಲು? "ನಿಮ್ಮನೆ ನಾಯಿದೇ ಅಲ್ವಾ, ನಮ್ಮನ್ನ ಕೇಳ್ತೀರಲ್ಲ." ಹಳೇ ಫ್ಯಾನ್ ಕೊಡಿ ಅಂದೆ. "ಎಸೆದಾಯ್ತು." ಬಿಲ್? "ಬಿಲ್ ಬೇಕಿದ್ರೆ ಜಿಎಸ್‌ಟಿ ಸೇರಿಸ್ತೀವಿ." ಆಮೇಲೆ ಫೋನೇ ಎತ್ತುತ್ತಿಲ್ಲ.

ಲಿನಕ್ಸ್‌ನಿಂದ ಫ್ಯಾನ್ ಸುಡುತ್ತದಂತೆ! ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನ್ ನೋಡಿಕೊಳ್ಳುವುದು ಬೋರ್ಡಿನ ಮೇಲಿನ ಎಂಬೆಡೆಡ್ ಕಂಟ್ರೋಲರ್ ಅನ್ನುವ ಚಿಪ್. ಮೇಲೆ ವಿಂಡೋಸ್ ಇದ್ದರೇನು, ಲಿನಕ್ಸ್ ಇದ್ದರೇನು? ಥಿಂಕ್‌ಪ್ಯಾಡ್‌ನಲ್ಲಂತೂ ನಾವಾಗಿ ವೇಗ ಬದಲಿಸಬೇಕೆಂದರೂ ಲಿನಕ್ಸ್‌ನಲ್ಲಿ ಫ್ಯಾನ್ ಜೊತೆ ಮಾತಾಡುವ ಡ್ರೈವರ್ ಅನ್ನುವ ತಂತ್ರಾಂಶಕ್ಕೆ ಫ್ಯಾನ್ ಕಂಟ್ರೋಲ್ ಆಯ್ಕೆಯನ್ನು 1, ಅಂದರೆ ಆನ್, ಮಾಡಿ ಕೊಡಬೇಕು. ಇಲ್ಲದಿದ್ದರೆ ಮುಟ್ಟೋಕೇ ಬಿಡುವುದಿಲ್ಲ. ನಾನು ಮುಟ್ಟಿಯೂ ಇರಲಿಲ್ಲ.

ಕೊನೆಗೆ ಪೇಸ್ಟ್ ತರಿಸಿ ನಾನೇ ಹಾಕಿದೆ. ಆ ಗಂಟನ್ನು ಚಿಮಟದಲ್ಲಿ ಕಿತ್ತೆ. ಈಗ 50 ಡಿಗ್ರಿ ಆಸುಪಾಸು. ಫ್ಯಾನ್ ಅದೇ ಹಳೇದು, "ಸುಟ್ಟುಹೋಗಿದ್ದು".

ಕೊಡುವ ಮೊದಲು ಸೆನ್ಸರ್ಸ್ ತೋರಿಸುವ ಅಂಕಿಗಳ ಫೋಟೋ ತೆಗೆದಿಡಿ. ಕೆಲವು ಮಾಡೆಲ್‌ಗಳಲ್ಲಿ ಫ್ಯಾನ್ ವೇಗ ತೋರಿಸುವುದಿಲ್ಲ, ಡಿಗ್ರಿಯಾದರೂ ಸಿಗುತ್ತದೆ. ಒಳಗಿನ ಫ್ಯಾನಿನದೂ ಒಂದು ಫೋಟೋ ಇರಲಿ. ಬಿಚ್ಚಿದ ಹಳೇ ಪಾರ್ಟ್ ವಾಪಸ್ ಬೇಕು ಅಂತ ಮೊದಲೇ ಹೇಳಿ. "ಅದ್ಯಾಕೆ ಮೇಡಂ" ಅಂತ ಎಳೆದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಬಸ್ ಹತ್ತಿ.