ತುರ್ತು ವಿಭಾಗಕ್ಕೆ ನಾಲ್ಕು ಸ್ಟಾರ್, ವಾರ್ಡಿಗೆ ಒಂದೇ

ನನ್ನ ತಮ್ಮನಿಗೆ ಕೊಟ್ಟ ಚಿಕಿತ್ಸೆ ಬಗ್ಗೆ ನಾವು ಕೊಟ್ಟ ದೂರು ಇನ್ನೂ ವಿಚಾರಣೆಯಲ್ಲಿದೆ, ಅದಕ್ಕೇ ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ.

ಅವನು ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ದೊಡ್ಡ ಮೂಳೆ ಮುರಿದುಕೊಂಡಿದ್ದ. ಎಕ್ಸ್‌ರೇ ಬೇಗ ಆಯಿತು. ಪ್ಲಾಸ್ಟರ್ ನೀಟಾಗಿ ಹಾಕಿದರು, ಮರ್ಯಾದೆಯಿಂದ ಮಾತಾಡಿಸಿದರು. ಅಲ್ಲಿವರೆಗೆ ನನ್ನ ತಕರಾರಿಲ್ಲ. ವಾರ್ಡಿಗೆ ಬಂದ ಮೇಲೆ ನೋವು ಇಳಿಯುವ ಬದಲು ಏರುತ್ತಲೇ ಹೋಯಿತು, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರೂ ಹಲ್ಲು ಕಚ್ಚಿಕೊಂಡು ಒದ್ದಾಡುತ್ತಿದ್ದ. ಕೇಳಿದಾಗಲೆಲ್ಲ ಒಂದೇ ಉತ್ತರ: "ಮೂಳೆ ಮುರಿದಿದೆ, ನೋವು ಇರುತ್ತೆ ಅಲ್ವಾ? ಪಾದದಲ್ಲಿ ನಾಡಿ ಸಿಗ್ತಿದೆ, ಏನೂ ಆಗಲ್ಲ."

ನಾಡಿ ಸಿಕ್ಕಿತು ಅಂತ ಸಮಾಧಾನಪಡುವ ಕಾಯಿಲೆಯೇ ಅಲ್ಲ ಇದು. ಹೆಸರು ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಮೊಣಕಾಲ ಕೆಳಗಿನ ಸ್ನಾಯುಗಳು ಹಿಗ್ಗದ ಗಟ್ಟಿ ಪೊರೆಯೊಳಗೆ ನಾಲ್ಕು ಭಾಗವಾಗಿ ಇರುತ್ತವೆ. ಒಳಗೆ ರಕ್ತ ಸೇರಿ ಊದಿಕೊಂಡರೆ ಒತ್ತಡ ಏರಿ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ, ಆದರೆ ದೊಡ್ಡ ನಾಳದಲ್ಲಿ ರಕ್ತ ಹರಿಯುತ್ತಲೇ ಇರುವುದರಿಂದ ಪಾದದ ನಾಡಿ ತುಂಬಾ ಹೊತ್ತು ಸಿಗಬಹುದು. ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ. ಸುಮಾರು 6 ಗಂಟೆ ಹೀಗೇ ಬಿಟ್ಟರೆ ಸ್ನಾಯು ಮತ್ತೆ ಸರಿಹೋಗದಷ್ಟು ಹಾಳಾಗಬಹುದು. ಗಾಯಕ್ಕೆ ಮೀರಿದ ನೋವೇ ಮೊದಲ ಸೂಚನೆ, ಅದನ್ನೇ ಇವರು ಮಾಮೂಲು ಅಂದರು!

ಕೊನೆಗೆ ರಾತ್ರಿ ಪಾಳಿಯ ಡಾಕ್ಟರ್ ಒಬ್ಬರು ಬಂದು ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸಿದರು. ತಮ್ಮ ಕಿರುಚಿದ. ಅಲ್ಲೇ ಪ್ಲಾಸ್ಟರ್ ಕತ್ತರಿಸಿ, ಸೂಜಿ ಚುಚ್ಚಿ ಒಳಗಿನ ಒತ್ತಡ ಅಳೆದರು. ಬಿಪಿಯ ಕೆಳಗಿನ ಅಂಕಿಗೂ ಆ ಒತ್ತಡಕ್ಕೂ 30ಕ್ಕಿಂತ ಕಡಿಮೆ ಅಂತರ ಇದ್ದರೆ ಅಪಾಯ. ಇವನದು ಹಾಗೇ ಇತ್ತು. ತಡಮಾಡದೆ ಪೊರೆ ಸೀಳುವ ಆಪರೇಷನ್ ಮಾಡಿದರು. ಕಾಲು ಉಳಿಯಿತು, ಪಾದ ಮೇಲೆತ್ತಲು ಮಾತ್ರ ಇನ್ನೂ ಆಗುತ್ತಿಲ್ಲ. ಆ ಡಾಕ್ಟರಿಗೆ ಎಷ್ಟು ಸ್ಟಾರ್ ಕೊಟ್ಟರೂ ಕಡಿಮೆಯೇ.

ಕಾಲಿನ ಪೆಟ್ಟು ಕಂಡುಹಿಡಿಯುವುದು ಸುಲಭ ಅಂತ ನಾನು ಹೇಳುತ್ತಿಲ್ಲ. ಮಂಡಿ ಕೀಲು ತಪ್ಪಿ ತಾನಾಗೇ ಕೂತುಬಿಟ್ಟರೆ ಹಿಂದಿನ ರಕ್ತನಾಳಕ್ಕೆ ಆದ ಏಟು ಗೊತ್ತೇ ಆಗದಿರಬಹುದು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ) ಪೂರ್ತಿ ಹರಿದರೂ ಬೇರೆ ಸ್ನಾಯುಗಳು ಪಾದ ಆಡಿಸುತ್ತವೆ, ನೋಡಿದವರು ಉಳುಕು ಅಂದುಬಿಡುತ್ತಾರೆ. ತಪ್ಪಿಹೋದದ್ದೆಲ್ಲ ನಿರ್ಲಕ್ಷ್ಯ ಅಲ್ಲ, ಒಪ್ಪುತ್ತೇನೆ. ಆದರೆ ಕೇಸ್ ಶೀಟ್ ನೋಡಿ: ನೋವು ಇದೆ, ಇಂಜೆಕ್ಷನ್ ಕೊಟ್ಟಿದೆ, ನೋವು ಇದೆ, ಇಂಜೆಕ್ಷನ್ ಕೊಟ್ಟಿದೆ. ಬೆರಳು ಆಡಿಸಿ ನೋಡಿದ್ದು, ಸ್ಪರ್ಶ ಗೊತ್ತಾಗುತ್ತಾ ಅಂತ ಕೇಳಿದ್ದು ಒಂದು ಸಾಲೂ ಇಲ್ಲ. ಹುಡುಕಿ ಸಿಗದಿದ್ದರೆ ಅದು ಬೇರೆ ಮಾತು, ಇಲ್ಲಿ ಹುಡುಕಿಯೇ ಇಲ್ಲ.

ಆ ಕೇಸ್ ಶೀಟ್ ಪ್ರತಿಗೂ ರೆಕಾರ್ಡ್ಸ್ ವಿಭಾಗದವರು ಸುಮ್ನೆ ಅಲೆದಾಡಿಸಿದರು. ಬರೆದು ಕೊಟ್ಟು, ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡ ಮೇಲೆ ಸಿಕ್ಕಿತು. ಅವರಿಗೂ ಒಂದೇ ಸ್ಟಾರ್.