ದಾವಣಗೆರೆ ಬಿಸಿಲಿಗೆ ಯಾವ ಪ್ರೊಬಯಾಟಿಕ್ ತಾಳುತ್ತೆ?

ದಾವಣಗೆರೆಯ ಮೆಡಿಕಲ್‌ಗಳಲ್ಲಿ ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯದೆಂದು ನುಂಗುವ ಜೀವಂತ ಸೂಕ್ಷ್ಮಾಣು) ಕೇಳಿದರೆ ಸಾಮಾನ್ಯವಾಗಿ ಮೂರು ಬಗೆ ಸಿಗುತ್ತವೆ: ಬ್ಯಾಸಿಲಸ್ ಕ್ಲಾಸಿಯ 5 ಎಂ.ಎಲ್. ವಯಲ್, ಸ್ಯಾಕರೋಮೈಸಿಸ್ ಬುಲಾರ್ಡಿ ಯೀಸ್ಟಿನ ಸ್ಯಾಶೆ, ಲ್ಯಾಕ್ಟೋಬ್ಯಾಸಿಲಸ್ ಕ್ಯಾಪ್ಸೂಲ್. ಮೂರನ್ನೂ ಒಂದೇ ಅಂತ ಕೊಡುತ್ತಾರೆ. ಅಲ್ಲ.

ಕರುಳಿನ ಒಳಗೋಡೆ ಅಂದರೆ ಒಂದೇ ಸಾಲು ಕೋಶ, ಮೇಲೊಂದು ಲೋಳೆ ಪದರ. ಕೋಶಗಳ ನಡುವಿನ ಸಂದಿಯನ್ನು ಆಕ್ಲುಡಿನ್‌ನಂಥ ಪ್ರೋಟೀನುಗಳು ಹೊಲಿಗೆ ಹಾಕಿದ ಹಾಗೆ ಹಿಡಿದಿರುತ್ತವೆ. ಈ ಹೊಲಿಗೆಯ ಮಟ್ಟಿಗೆ ಚೆನ್ನಾಗಿ ಅಧ್ಯಯನವಾದ ತಳಿಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ರ್‍ಯಾಮ್ನೋಸಸ್ ಜಿಜಿ ಒಂದು. ಅದು ಬಿಡುವ ಪಿ40, ಪಿ75 ಪ್ರೋಟೀನುಗಳು ಕೋಶ ಸಾಯದಂತೆ ಕಾಯುತ್ತವೆ. ಇದು ಕಂಡದ್ದು ಬಹುಪಾಲು ಲ್ಯಾಬಿನಲ್ಲಿ, ಇಲಿಗಳಲ್ಲಿ. ಡಬ್ಬದ ಮೇಲೆ ‘ಜಿಜಿ’ ಇಲ್ಲದೆ ಬರೀ ‘ಲ್ಯಾಕ್ಟೋಬ್ಯಾಸಿಲಸ್’ ಎಂದಿದ್ದರೆ, ಸೋನಾ ಮಸೂರಿಯೋ ಐಆರ್-64ಓ ಹೇಳದೆ ಭತ್ತ ಮಾರಿದ ಹಾಗೆ. ಎಷ್ಟು ಕೋಟಿ ಜೀವಾಣು ಇವೆ ಅನ್ನುವ ಲೆಕ್ಕಕ್ಕಿಂತ ತಳಿ ಹೆಸರು ನೋಡಿ.

ತೊಂದರೆ ಇರುವುದು ಬಿಸಿಲಲ್ಲಿ. ಏಪ್ರಿಲ್‌ನಲ್ಲಿ ಇಲ್ಲಿ 40 ಡಿಗ್ರಿ ಹತ್ತಿರ ಹೋಗುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಬೀಜಕ (ಸೆಕೆ ತಾಳುವ ಗಟ್ಟಿ ಸುಪ್ತ ರೂಪ) ಕಟ್ಟುವುದಿಲ್ಲ, ಸೆಕೆಗೆ, ತೇವಕ್ಕೆ ದಿನೇ ದಿನೇ ಸಾಯುತ್ತದೆ. ಷಟರ್ ಪಕ್ಕದ ರ್‍ಯಾಕಿನಿಂದ ತೆಗೆದುಕೊಟ್ಟರೆ ಬೇಡ, ಫ್ರಿಡ್ಜಿನದು ಕೇಳಿ. ಕ್ಯಾಪ್ಸೂಲ್ ಬಿಚ್ಚಿದಾಗ ಪುಡಿ ಗಂಟುಕಟ್ಟಿದ್ದರೆ ತೇವ ಹೊಕ್ಕಿದೆ, ವಾಪಸ್ ಮಾಡಿ. ಕೊಂಡ ಮೇಲೆ ಗಾಡಿ ಡಿಕ್ಕಿಯಲ್ಲಿಟ್ಟು ಊರೆಲ್ಲ ಸುತ್ತಬೇಡಿ. ಲ್ಯಾಕ್ಟೋಬ್ಯಾಸಿಲಸ್ಸಿಗೆ ನಾವು ಕೊಡುವುದು ಚಳಿಗಾಲದಲ್ಲಿ ಐದಕ್ಕೆ ನಾಲ್ಕು ಅಂಕ, ಬೇಸಿಗೆಯಲ್ಲಿ ಎರಡು.

ಆಂಟಿಬಯೋಟಿಕ್ ನುಂಗುತ್ತಿರುವವರಿಗೆ ನಮ್ಮ ಆಯ್ಕೆ ಬುಲಾರ್ಡಿ. ಅದು ಯೀಸ್ಟ್, ಹಾಗಾಗಿ ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ ಅದನ್ನು ಮುಟ್ಟುವುದಿಲ್ಲ. ಮಾತ್ರೆಯಿಂದಾಗುವ ಭೇದಿ ತಡೆಯುವುದರಲ್ಲಿ ಮನುಷ್ಯರ ಮೇಲೇ ಪರೀಕ್ಷೆಗಳಾಗಿವೆ. ತಣ್ಣೀರಲ್ಲಿ ಕದಡಿ ಕೂಡಲೇ ಕುಡಿಯಿರಿ. ಬಿಸಿ ಹಾಲು, ಚಹಾಕ್ಕೆ ಹಾಕಿದರೆ ಸತ್ತ ಯೀಸ್ಟ್ ಕುಡಿದಂತೆ. ಶಿಲೀಂಧ್ರ, ಯೀಸ್ಟ್ ಕೊಲ್ಲುವ ಫ್ಲುಕೊನಜೋಲ್ ಮಾತ್ರೆ ಜೊತೆ ದಂಡ. ಐಸಿಯುನಲ್ಲಿ ಕುತ್ತಿಗೆಯ ರಕ್ತನಾಳಕ್ಕೆ ಲೈನ್ (ಕೊಳವೆ) ಹಾಕಿದವರ ಮಂಚದ ಹತ್ತಿರ ಸ್ಯಾಶೆ ಹರಿಯಲೂ ಬಾರದು, ಯೀಸ್ಟ್ ರಕ್ತಕ್ಕೆ ಇಳಿಯುವ ಅಪಾಯವಿದೆ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಬೇಡ.

ಕ್ಲಾಸಿಯದು ಬೀಜಕ, ಸೆಕೆ ತಡೆಯುತ್ತದೆ. ವಯಲನ್ನು ಚೆನ್ನಾಗಿ ಅಲ್ಲಾಡಿಸಿ ಕುಡಿಸಿ, ತಳದಲ್ಲಿ ಕೂತಿರುತ್ತದೆ. ಗೋಡೆ ಬಿಗಿಯಾಗುತ್ತದೆ ಅನ್ನುವುದಕ್ಕೆ ಆಧಾರ ತೆಳು.

‘ಸುಧಾರಿತ’ ಅಂತ ಬರೆದದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ನಿಜಕ್ಕೂ ಜೀನ್ ತಿದ್ದಿದ್ದು ಬೇರೆ: 2019ರಲ್ಲಿ ಅಮೆರಿಕದ ಸಂಶೋಧಕರು ಇ. ಕೋಲೈ ನಿಸ್ಲ್ 1917 ಎಂಬ ಬ್ಯಾಕ್ಟೀರಿಯಾ ತಳಿಯಿಂದ ಕರುಳಿನ ಗಾಯ ಮಾಯಿಸುವ ಟ್ರೆಫಾಯ್ಲ್ ಪ್ರೋಟೀನ್ ಹೊತ್ತ ನಾರು ನೇಯಿಸಿ, ಕರುಳುರಿತದ ಇಲಿಗಳಲ್ಲಿ ಫಲ ಕಂಡರು. ಅದು ಮೆಡಿಕಲ್‌ನಲ್ಲಿ ಸಿಗುವ ಮಾಲಲ್ಲ.