ಹೊಸ ಕೋಚ್ ಬಂದು ಆರು ವಾರ: ಬಳ್ಳಾರಿಯ ನಮ್ಮ ಫುಟ್‌ಬಾಲ್ ಕ್ಲಬ್ ಈಗ ಹೇಗಿದೆ

ಮಗನನ್ನು ಸೇರಿಸಬಹುದಾ, ಹೊಸ ಕೋಚ್ ಹೇಗಿದ್ದಾರೆ, ಕೊಟ್ಟ ಫೀಸಿಗೆ ಮೋಸ ಇಲ್ಲವಾ ಅಂತ ಹದಿನೈದು ದಿನದಿಂದ ಕೇಳುವವರೇ ಕೇಳುವವರು. ಅಂಗಡಿಗೆ ಬಟ್ಟೆ ತೊಗೊಳ್ಳಲು ಬಂದವರೂ ಕೇಳುತ್ತಾರೆ, ಮೊನ್ನೆ ಮದುವೆ ಊಟದ ಪಂಕ್ತಿಯಲ್ಲೂ ಒಬ್ಬರು ಕೇಳಿದರು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಕ್ಲಬ್ಬಿನ ಹೆಸರು ಹಾಕುವುದಿಲ್ಲ. ಕೌಲ್ ಬಜಾರ್ ಕಡೆ ಸಂಜೆ ಓಡಾಡುವವರಿಗೆ ಯಾವ ಮೈದಾನ ಅಂತ ಗೊತ್ತಾಗುತ್ತದೆ.

ನನಗೆ ಈ ಕ್ಲಬ್ ಜೊತೆ ಎರಡು ನಂಟು. ಹನ್ನೊಂದು ವರ್ಷದ ಮಗಳು ಚಿಕ್ಕವರ ಬ್ಯಾಚಿನಲ್ಲಿ ಆಡುತ್ತಾಳೆ. ಇನ್ನೊಂದು, ಹದಿನೆಂಟು ವರ್ಷದಿಂದ ದೊಡ್ಡವರ ತಂಡದ ಒಂದು ಮ್ಯಾಚನ್ನೂ ನಾನು ಬಿಟ್ಟವನಲ್ಲ. ಮೈದಾನದ ಪಕ್ಕದ ಕಲ್ಲಿನ ಮೆಟ್ಟಿಲ ಮೇಲೆ ಕೂರುವ ಇಪ್ಪತ್ತು ಮೂವತ್ತು ಜನ ಇದ್ದೇವೆ, ಗೆದ್ದರೂ ಸೋತರೂ ಬರುತ್ತೇವೆ. ಮಕ್ಕಳ ಕ್ಲಾಸಿನ ಫೀಸಿನಿಂದಲೇ ದೊಡ್ಡವರ ತಂಡದ ಖರ್ಚು ನಡೆಯುವುದರಿಂದ ಮುಖ್ಯ ಕೋಚ್ ಎರಡನ್ನೂ ನೋಡಿಕೊಳ್ಳಬೇಕು. ಅದಕ್ಕೇ ಎರಡರ ಬಗ್ಗೆಯೂ ಬರೆಯುತ್ತೇನೆ.

ಹಳೆಯ ಕೋಚ್ ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರದು ಒಂದೇ ಪಾಠ. ನಾಲ್ಕು ರೌಂಡ್ ಓಡಿ, ಆಮೇಲೆ ಎರಡು ತಂಡ ಮಾಡಿಕೊಂಡು ಆಡಿ. ಚೆನ್ನಾಗಿ ಆಡುವ ನಾಲ್ಕು ಹುಡುಗರ ಕಾಲಲ್ಲೇ ಚೆಂಡು ಇರುತ್ತಿತ್ತು, ಉಳಿದವರು ಅದರ ಹಿಂದೆ ಸುಮ್ನೆ ಓಡುತ್ತಿದ್ದರು. ನನ್ನ ಮಗಳು ಆ ಉಳಿದವರ ಪೈಕಿ. ಒಂದು ದಿನ ಕೂತು ಎಣಿಸಿದೆ. ಒಂದು ಗಂಟೆಯಲ್ಲಿ ಅವಳ ಕಾಲಿಗೆ ಚೆಂಡು ಬಂದದ್ದು ಒಂಬತ್ತು ಸಲ. ಒಂಬತ್ತೇ! ಮನೆಗೆ ಬಂದು ಏನೂ ಹೇಳದೆ ಶೂ ಬಿಚ್ಚಿ ಮೂಲೆಗೆ ಇಡುತ್ತಿದ್ದಳು.

ಹೊಸಬರು ಬಂದ ಎರಡನೇ ವಾರ ಮತ್ತೆ ಎಣಿಸಲು ಕೂತೆ. ಅರವತ್ತು ದಾಟಿದ ಮೇಲೆ ಬಿಟ್ಟುಬಿಟ್ಟೆ.

ಇವರು ಮಾಡಿದ್ದು ಏನೂ ದೊಡ್ಡ ಮಾಯೆ ಅಲ್ಲ. ದೊಡ್ಡ ಮೈದಾನವನ್ನು ಕೋನ್ ಇಟ್ಟು ಐದಾರು ಚಿಕ್ಕ ಚೌಕ ಮಾಡಿದರು, ಒಂದೊಂದರಲ್ಲಿ ನಾಲ್ಕು ಜನರ ಎದುರು ನಾಲ್ಕು ಜನ. ಜಾಗ ಚಿಕ್ಕದು, ಜನ ಕಡಿಮೆ, ಹಾಗಾಗಿ ಯಾರೂ ಚೆಂಡಿನಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಇನ್ನೊಂದು, ಹನ್ನೆರಡು ವರ್ಷದ ಒಳಗಿನವರಿಗೆ ಐದನೇ ನಂಬರ್ ಚೆಂಡು ಕೊಡುವುದನ್ನು ನಿಲ್ಲಿಸಿದರು. ದೊಡ್ಡವರು ಆಡುವ ಆ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ನಾಲ್ಕನೇ ನಂಬರಿನದು ಅದಕ್ಕಿಂತ ಚಿಕ್ಕದು, ಹಗುರ. ಇಷ್ಟು ದಿನ ನಮ್ಮ ಮಕ್ಕಳು ದೊಡ್ಡವರ ಚೆಂಡು ಒದ್ದು ಒದ್ದು ಕಾಲು ನೋಯಿಸಿಕೊಳ್ಳುತ್ತಿದ್ದರು, ನಮಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ. ಕ್ಲಬ್ಬಿನವರು ಹೊಸ ಚೆಂಡು ತರಲು ಮೊದಲು ಒಪ್ಪಲಿಲ್ಲವಂತೆ. ಇವರು ತಮ್ಮ ಕೈಯಿಂದ ಆರು ಚೆಂಡು ತಂದು ಗಾಳಿ ತುಂಬಿಸಿ ಸಾಲಾಗಿ ಇಟ್ಟರು. ಮೂರನೇ ದಿನ ನನ್ನ ಮಗಳು ಎಡಗಾಲಲ್ಲಿ ಒದ್ದ ಪಾಸ್ ನೆಲ ಬಿಡದೆ ನೇರವಾಗಿ ಹೋಯಿತು. ಅವಳು ತಿರುಗಿ ನನ್ನ ಕಡೆ ನೋಡಿದಳು, ನಾನು ಎದ್ದು ನಿಂತಿದ್ದೆ.

ಈಗ ನನಗೆ ಎಲ್ಲಕ್ಕಿಂತ ಹಿಡಿಸಿದ ವಿಷಯ. ಒಂದು ಮಗು ಚೆಂಡು ತೊಗೊಳ್ಳಲು ನಿಂತಿರುತ್ತದೆ. ಕೋಚ್ ಸರ್ ಅದರ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರ ನಿಂತು ಕೈ ಎತ್ತಿ ಬೆರಳು ತೋರಿಸುತ್ತಾರೆ. ಎದುರಿನಿಂದ ಪಾಸ್ ಬರುವಷ್ಟರಲ್ಲಿ ಆ ಮಗು ಒಮ್ಮೆ ಹಿಂದೆ ತಿರುಗಿ ನೋಡಿ ಎಷ್ಟು ಬೆರಳು ಅಂತ ಕೂಗಬೇಕು, ಆಮೇಲೇ ಚೆಂಡು ಮುಟ್ಟಬೇಕು. 'ಎಷ್ಟು?' 'ಮೂರು!' 'ಎಷ್ಟು?' 'ಒಂದು!' ಮೊದಲ ದಿನ ಬೆರಳು ನೋಡಿದವರು ಚೆಂಡು ಬಿಟ್ಟರು, ಚೆಂಡು ಹಿಡಿದವರು ಬೆರಳು ನೋಡಲಿಲ್ಲ. ಒಬ್ಬ ಹುಡುಗ ನೋಡದೇ ಪ್ರತಿ ಸಲವೂ ಎರಡು ಅಂತಲೇ ಕೂಗುತ್ತಿದ್ದ. ಅವನಿಗೆ ಬೈಯಲಿಲ್ಲ. ಹತ್ತಿರ ಹೋಗಿ ಭುಜ ಹಿಡಿದು, 'ನಿನ್ನ ಹಿಂದೆ ಯಾರು ಬರ್ತಿದ್ದಾರೆ ಅಂತ ಗೊತ್ತಿದ್ರೆ ನಿನಗೆ ಹೆದರಿಕೆ ಇರಲ್ಲ, ಅಲ್ವಾ?' ಅಂದರು. ಅಷ್ಟೇ. ನಾಲ್ಕನೇ ವಾರದ ಹೊತ್ತಿಗೆ ಬೆರಳು ತೋರಿಸುವವರು ಯಾರೂ ಇಲ್ಲದಿದ್ದರೂ ಮಕ್ಕಳ ತಲೆ ತಾನಾಗಿ ಹಿಂದೆ ತಿರುಗುತ್ತಿತ್ತು.

ಮನೆಗೆ ಬಂದು ಇದರ ಬಗ್ಗೆ ಹುಡುಕಿ ಓದಿದೆ. ನಾರ್ವೆಯ ಗೈರ್ ಯೋರ್ಡೆಟ್ ಅನ್ನುವ ಸಂಶೋಧಕರು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರ ವಿಡಿಯೋ ಇಟ್ಟುಕೊಂಡು, ಚೆಂಡು ಬರುವ ಮುಂಚೆ ಯಾರು ಎಷ್ಟು ಸಲ ತಲೆ ತಿರುಗಿಸುತ್ತಾರೆ ಅಂತ ಎಣಿಸಿದ್ದಾರೆ. ಜಾಸ್ತಿ ತಿರುಗಿ ನೋಡಿದವರ ಪಾಸ್ ಜಾಸ್ತಿ ಸರಿಯಾಗಿ ಹೋಗಿದೆ. ಫ್ರಾಂಕ್ ಲ್ಯಾಂಪಾರ್ಡ್ ಅದರಲ್ಲಿ ಮುಂದಿದ್ದವರು. ಅವರು ಕಲಿತ ಪಾಠವೇ ಬಳ್ಳಾರಿಯ ಕೆಂಪು ಮಣ್ಣಿನಲ್ಲಿ ನನ್ನ ಮಗಳಿಗೂ ಸಿಗುತ್ತಿದೆ ಅನ್ನುವುದು ನನಗೆ ಸಣ್ಣ ವಿಷಯ ಅಲ್ಲ.

ಚಿಕ್ಕವರ ಬ್ಯಾಚಿನಲ್ಲಿ ತಲೆಯಿಂದ ಚೆಂಡು ಹೊಡೆಯುವ ಅಭ್ಯಾಸ ಬೇಡ ಅಂದರು. ಇದಕ್ಕೆ ಕೆಲವು ಅಪ್ಪಂದಿರು ಜಗಳಕ್ಕೇ ನಿಂತರು, ತಲೆಯಲ್ಲಿ ಹೊಡೆಯದಿದ್ದರೆ ಅದು ಎಂಥ ಫುಟ್‌ಬಾಲ್ ಅಂತ. ನಾನು ಕೋಚ್ ಪರ. ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆಗಳು 2020ರಲ್ಲೇ ಪ್ರೈಮರಿ ಶಾಲೆ ವಯಸ್ಸಿನ ಮಕ್ಕಳ ಅಭ್ಯಾಸದಲ್ಲಿ ಹೆಡ್ಡಿಂಗ್ ಬೇಡ ಅಂತ ಸೂಚನೆ ಕೊಟ್ಟಿವೆ. ಆಟ ಹುಟ್ಟಿದ ದೇಶದವರೇ ಹೇಳಿದ ಮೇಲೆ ನಮಗೇನು ಹಟ?

ಬಿಸಿಲಿನ ವಿಷಯ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು, ಸಂಜೆ ನಾಲ್ಕೂವರೆಗೂ ಗುಡ್ಡದ ಬಂಡೆ ಕಾದು ಬಿಸಿ ಉಗುಳುತ್ತಿರುತ್ತದೆ. ಮೊದಲು ಆ ನಾಲ್ಕೂವರೆಗೇ ಕ್ಲಾಸ್ ಇತ್ತು. ಈಗ ಐದೂವರೆಗೆ ಶುರು, ಭಾನುವಾರ ಬೆಳಿಗ್ಗೆ ಆರಕ್ಕೆ. ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಎಲ್ಲರೂ ನೀರು ಕುಡಿಯಲೇಬೇಕು, ಬಾಯಾರಿಕೆ ಇಲ್ಲ ಅಂದವರೂ ಕುಡಿಯಬೇಕು. 2014ರ ವಿಶ್ವಕಪ್‌ನಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಮೆಕ್ಸಿಕೋ ಆಟವನ್ನು ಬಿಸಿಲಿಗೆ ನಿಲ್ಲಿಸಿ ನೀರು ಕುಡಿಸಿದ್ದು ನೆನಪಿರಬೇಕು. ಅಂಥ ಆಟಗಾರರಿಗೇ ಬೇಕಾದದ್ದು ನಮ್ಮ ಮಕ್ಕಳಿಗೆ ಬೇಡವಾ? ಲಿಂಬೆಹಣ್ಣು ಉಪ್ಪು ಹಾಕಿದ ನೀರಿನ ಬಾಟಲ್ ಮನೆಯಿಂದ ಕಳಿಸಿ ಅಂತ ತಾಯಂದಿರಿಗೂ ಹೇಳಿದ್ದಾರೆ.

ಇನ್ನು ದೊಡ್ಡವರ ತಂಡ. ಇಲ್ಲಿ ನನಗೆ ಪೂರ್ತಿ ಸಮಾಧಾನ ಇಲ್ಲ, ಅದನ್ನೂ ಮುಚ್ಚಿಡುವುದಿಲ್ಲ.

ಮೊದಲ ಮ್ಯಾಚ್ ಊರಿನದೇ ಇನ್ನೊಂದು ತಂಡದ ಮೇಲೆ. ಮೆಟ್ಟಿಲು ತುಂಬಿತ್ತು, ಒಗ್ಗರಣೆ ಮಿರ್ಚಿ ಗಾಡಿಯವನು ಗೇಟಿನ ಹತ್ತಿರ ಬಂದು ನಿಂತಿದ್ದ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮ ಗೋಲಿ (ಗೋಲ್‌ಕೀಪರ್), ಹದಿನೈದು ವರ್ಷದಿಂದ ಚೆಂಡನ್ನು ಆಕಾಶಕ್ಕೆ ಒದ್ದುಕೊಂಡು ಬಂದವನು, ಗೋಲ್ ಕಿಕ್ಕನ್ನು ಪಕ್ಕದಲ್ಲೇ ನಿಂತ ಬ್ಯಾಕ್ ಆಟಗಾರನಿಗೆ ಮೆಲ್ಲಗೆ ತಳ್ಳಿದ. 2019ರಿಂದ ನಿಯಮ ಬದಲಾಗಿದೆ, ಗೋಲ್ ಕಿಕ್ ಈಗ ಗೋಲಿನ ಮುಂದಿನ ದೊಡ್ಡ ಚೌಕ, ಅಂದರೆ ಪೆನಾಲ್ಟಿ ಬಾಕ್ಸ್, ದಾಟಿ ಹೋಗಲೇಬೇಕು ಅಂತಿಲ್ಲ. ದೊಡ್ಡ ತಂಡಗಳೆಲ್ಲ ಹೀಗೇ ಹಿಂದಿನಿಂದ ಪಾಸ್ ಮಾಡಿಕೊಂಡು ಬರುತ್ತವೆ. ಆದರೆ ಅಲ್ಲಿ ಇರುವುದು ನೀರು ಹೊಡೆದ ಹುಲ್ಲು. ನಮ್ಮಲ್ಲಿ ಗಟ್ಟಿ ಮಣ್ಣು, ಅದರ ಮೇಲೆ ಕಡಲೆ ಗಾತ್ರದ ಹರಳು. ಚೆಂಡು ಒಂದು ಹರಳಿಗೆ ತಾಗಿ ಪುಟಿಯಿತು, ಬ್ಯಾಕ್ ಆಟಗಾರ ಕಾಲು ಹಾಕುವಷ್ಟರಲ್ಲಿ ಅವರ ಫಾರ್ವರ್ಡ್ ಬಂದು ಎತ್ತಿಕೊಂಡು ಹೋದ. ಗೋಲ್. ಹದಿಮೂರನೇ ನಿಮಿಷ. ಮೆಟ್ಟಿಲಿಂದ 'ಹೊಡಿಯಲೇ, ಗಾಳ್ಯಾಗ ಹೊಡಿ!' ಅಂತ ಒಂದೇ ಕೂಗು. ಒಂದು ಕಾಲದಲ್ಲಿ ನಮ್ಮ ಗೋಲಿಯಾಗಿದ್ದ ಚಾಚಾ, ಎಪ್ಪತ್ತರ ಹತ್ತಿರದವರು, ಟೋಪಿ ತೆಗೆದು ತೊಡೆಗೆ ಬಡಿದರು. ಕೋಚ್ ಮಾತ್ರ ಕೈ ಕೆಳಗೆ ಮಾಡಿ, ಮತ್ತೆ ಅದನ್ನೇ ಆಡಿ ಅಂತ ತೋರಿಸಿದರು. ಎರಡೊಂದರಲ್ಲಿ ಸೋತೆವು.

ಅದು ತಪ್ಪೇ. ನೆಲ ನೋಡಿ ಆಟ ಕಟ್ಟಬೇಕು. ಆಟ ಮುಗಿದ ಮೇಲೆ ಚಾಚಾ ನೇರವಾಗಿ ಹೋಗಿ ಹೇಳಿದರು, 'ಬೇಟಾ, ಈ ಜಮೀನು ನನಗೆ ಗೊತ್ತು, ಇದು ಸುಳ್ಳು ಹೇಳುತ್ತದೆ' ಅಂತ. ಕೋಚ್ ನಿಂತು ಕೇಳಿದರು. ಎಲ್ಲಿ ಚೆಂಡು ಪುಟಿಯುತ್ತದೆ, ಎಲ್ಲಿ ಪುಟಿಯುವುದಿಲ್ಲ ಅಂತ ಚಾಚಾ ಜೊತೆ ಪೆನಾಲ್ಟಿ ಬಾಕ್ಸ್ ಪೂರ್ತಿ ನಡೆದರು, ಒಂದು ಕಡೆ ಬಗ್ಗಿ ಹರಳು ಆರಿಸಿ ಆಚೆ ಎಸೆದರು. ಮುಂದಿನ ಭಾನುವಾರ ಬೆಳಿಗ್ಗೆ ಹೋದರೆ ದೊಡ್ಡವರ ತಂಡ ಪೂರ್ತಿ ಸಾಲಾಗಿ ಕೂತು ಹರಳು ಆರಿಸುತ್ತಿತ್ತು. ಆಮೇಲಿನ ಮೂರು ಮ್ಯಾಚಿನಲ್ಲಿ ಎಡಗಡೆ ನೆಲ ಸಮ ಇರುವಲ್ಲಿ ಪಾಸ್ ಮಾಡುತ್ತಾರೆ, ಬಲಗಡೆ ಎತ್ತಿ ಹೊಡೆಯುತ್ತಾರೆ. ಎರಡು ಗೆದ್ದೆವು, ಒಂದು ಸಮ ಆಯಿತು. ಬದಲಿ ಆಟಗಾರರನ್ನು ಇಳಿಸುವುದು ಈಗಲೂ ತಡ. ಕಾಲು ಸೋತು ನಡೆಯುತ್ತಿರುವವನನ್ನು 80ನೇ ನಿಮಿಷದವರೆಗೆ ಬಿಡುತ್ತಾರೆ. ಅದು ಸರಿಹೋಗಬೇಕು.

ಮೆಟ್ಟಿಲ ಮೇಲೆ ಕೆಲವರಿಗೆ ಅವಸರ. ಬೆಂಗಳೂರು ಎಫ್‌ಸಿಗೆ 2013ರಲ್ಲಿ ಆಶ್ಲೇ ವೆಸ್ಟ್‌ವುಡ್ ಕೋಚ್ ಆಗಿ ಬಂದರು, ಮೊದಲ ಸೀಸನ್ನಿನಲ್ಲೇ ದೇಶದ ಆಗಿನ ದೊಡ್ಡ ಲೀಗ್ ಆದ ಐ ಲೀಗ್ ಗೆದ್ದರು. 2016ರ ಜುಲೈಯಲ್ಲಿ ಆಲ್ಬರ್ಟ್ ರೋಕಾ ಬಂದರು, ನವೆಂಬರ್‌ನಲ್ಲಿ ತಂಡ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಆಡಿತು, ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಅಲ್ಲಿಗೆ ಹೋಗಿರಲಿಲ್ಲ. ಅದನ್ನೇ ಹಿಡಿದುಕೊಂಡು ನಮ್ಮವರೂ ಈ ವರ್ಷವೇ ಕಪ್ ತರಬೇಕು ಅನ್ನುತ್ತಾರೆ. ಆದರೆ ರೋಕಾ ಕೈಗೆ ಬಂದಾಗ ಆ ತಂಡ ಎರಡು ಸಲ ಐ ಲೀಗ್ ಗೆದ್ದಾಗಿತ್ತು, ಸುನಿಲ್ ಚೆಟ್ರಿ ಇದ್ದರು. ನಮ್ಮವರಲ್ಲಿ ಅರ್ಧ ಜನ ಜೀನ್ಸ್ ಹೊಲಿಯುವ ಕೆಲಸ ಮುಗಿಸಿ ಮೈದಾನಕ್ಕೆ ಬರುವವರು. ಅವರಿಗೆ ಸಮಯ ಬೇಕು, ಕೋಚಿಗೂ ಬೇಕು. ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ, ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ ದಾರಿಯಲ್ಲಿ, ದೇಶದ ಒಳ್ಳೆಯ ಕ್ರೀಡಾ ತರಬೇತಿ ಕೇಂದ್ರವೊಂದಿದೆ. ಹದಿಮೂರು ಹದಿನಾಲ್ಕರ ನಮ್ಮ ಇಬ್ಬರು ಹುಡುಗರನ್ನು ಅಲ್ಲಿನ ಆಯ್ಕೆಗೆ ಕಳಿಸಬೇಕು ಅಂತ ಕೋಚ್ ಈಗಲೇ ತಯಾರಿ ಮಾಡಿಸುತ್ತಿದ್ದಾರೆ. ನನಗೆ ಕಪ್ಪಿಗಿಂತ ಅದು ದೊಡ್ಡದು.

ಕ್ಲಬ್ ಆಡಳಿತಕ್ಕೆ ಹೇಳಬೇಕಾದದ್ದು ಬೇರೆ ಇದೆ. ಫೀಸು ತಿಂಗಳಿಗೆ 700 ಇದ್ದದ್ದು 900 ಆಗಿದೆ, ಕೊಡೋಣ. ಆದರೆ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಒಂದು ಕೋಣೆ ಇಲ್ಲ. ಎಂಟು ಹುಡುಗಿಯರಿದ್ದಾರೆ, ಮನೆಯಿಂದಲೇ ಕಿಟ್ ಹಾಕಿಕೊಂಡು ಬರಬೇಕು, ಶೌಚಾಲಯಕ್ಕೆ ಬೀಗ. ಕೀಲಿ ಯಾರ ಹತ್ತಿರ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ತೋರಿಸುತ್ತಾರೆ. ಆರು ವಾರದಲ್ಲಿ ಮೂರು ಸಲ ಹೇಳಿದ್ದೇನೆ. ಕೋಚ್ ಕೂಡ ಹೇಳಿದ್ದಾರೆ. ಇದು ಇನ್ನೂ ಆಗಿಲ್ಲ ಅನ್ನುವುದು ನನಗೆ ತುಂಬಾ ಬೇಜಾರು. ಗೋಲಿಗಳಿಗೆ ಬೇರೆ ತರಬೇತಿ ಇಲ್ಲ ಅನ್ನುವುದು ಇನ್ನೊಂದು ಕೊರತೆ. ಚಾಚಾ ವಾರಕ್ಕೆ ಎರಡು ದಿನ ಬರುತ್ತೇನೆ ಅಂದಿದ್ದಾರೆ, ಅವರಿಗೆ ಒಂದು ಕುರ್ಚಿ ಹಾಕಿಕೊಟ್ಟರೆ ಸಾಕು.

ಮಕ್ಕಳನ್ನು ಸೇರಿಸುವುದಾದರೆ ನನ್ನ ಮಾತು ಇಷ್ಟು. ಏಳರಿಂದ ಹದಿನಾಲ್ಕು ವರ್ಷದವರಾದರೆ ಧೈರ್ಯವಾಗಿ ಸೇರಿಸಿ, ಅದರಲ್ಲೂ ಹೆದರುವ, ಮಾತು ಕಡಿಮೆ ಇರುವ ಮಕ್ಕಳನ್ನು ಖಂಡಿತ ಸೇರಿಸಿ. ಮೊದಲ ಮೂರು ದಿನ ಫೀಸು ಕೇಳುವುದಿಲ್ಲ. ಐದೂವರೆ ಅಂದರೆ ಐದೂವರೆಯೇ, ಮೊದಲ ಇಪ್ಪತ್ತು ನಿಮಿಷ ಮೈ ಬಿಸಿ ಮಾಡುವ ವ್ಯಾಯಾಮ ಇರುತ್ತದೆ, ತಡವಾಗಿ ಬಂದವರನ್ನು ಅದು ಮುಗಿಸದೆ ಆಟಕ್ಕೆ ಬಿಡುವುದಿಲ್ಲ. ದುಬಾರಿ ಸ್ಟಡ್ಸ್ ಶೂ ಕೊಡಿಸಲು ಹೋಗಬೇಡಿ, ಈ ಗಟ್ಟಿ ನೆಲಕ್ಕೆ ಸಣ್ಣ ರಬ್ಬರ್ ಗುಬ್ಬಿ ಇರುವ ಟರ್ಫ್ ಶೂ ಒಳ್ಳೆಯದು. ಮನೆಯಲ್ಲಿ ಐದನೇ ನಂಬರ್ ಚೆಂಡು ಇದ್ದರೆ ಅದನ್ನು ದೊಡ್ಡವರ ಬ್ಯಾಚಿಗೆ ಕೊಟ್ಟುಬಿಡಿ, ಅವರಿಗೆ ಎರಡು ಚೆಂಡು ಕಡಿಮೆ ಇವೆ.